ಜಾಗ ಬಿಡದವರ ಗಂಟೆ

ಮಾರ್ಲಿಸ್ ಕೂಪ್‌ಮನ್ ಹೈಸ್ಕೂಲಿನಲ್ಲಿದ್ದಷ್ಟು ವರ್ಷವೂ ಬ್ಯಾಸ್ಕೆಟ್‌ಬಾಲ್ ಆಡಿದಳು, ಒಂದೇ ಒಂದು ಸಲವೂ ಚೆಂಡನ್ನು ಬುಟ್ಟಿಗೆ ಹಾಕಲಿಲ್ಲ. ನಗಬೇಡಿ. ಆಗ ಅಯೋವಾದಲ್ಲಿ ಹುಡುಗಿಯರ ಆಟವೇ ಹಾಗಿತ್ತು. ತಂಡಕ್ಕೆ ಆರು ಜನ, ಅಂಕಣದ ನಡುವೆ ಒಂದು ಗೆರೆ, ಆ ಗೆರೆಯನ್ನು ಯಾರೂ ದಾಟುವಂತಿಲ್ಲ. ಮೂವರು ಆಚೆ ಇದ್ದು ಚೆಂಡು ಹಾಕಬೇಕು, ಮೂವರು ಈಚೆ ಇದ್ದು ತಡೆಯಬೇಕು. ಮಾರ್ಲಿಸ್ ತಡೆಯುವವಳು. ಪತ್ರಿಕೆಯಲ್ಲಿ ಚೆಂಡು ಹಾಕಿದವರ ಫೋಟೊ ಬರುತ್ತಿತ್ತು, ಅದರ ಅಂಚಿನಲ್ಲಿ ಎಲ್ಲೋ ಇವಳ ಮೊಣಕೈ ಕಾಣುತ್ತಿತ್ತು. ಅದಕ್ಕೆ ಅವಳಿಗೆ ಹೊಟ್ಟೆಯುರಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮೈಮೇಲೆ ಓಡಿಬರುವವಳ ಮುಂದೆ ಪಾದ ಊರಿ ಅಲುಗದೆ ನಿಲ್ಲುವುದನ್ನು ಅವಳು ಕಲಿತದ್ದು ಅಲ್ಲಿಯೇ, ಮುಂದೆ ಅನ್ನ ಕೊಟ್ಟದ್ದೂ ಅದೇ.

ಆ ಆರು ಜನರ ಆಟ ಎಂದೋ ನಿಂತುಹೋಯಿತು. ಮಾರ್ಲಿಸ್ ಮುಂದೆ ಹಾಲ್‌ಬೆಕ್ ಎಂಬ ಕಾಲೇಜಿನಲ್ಲಿ ಹುಡುಗಿಯರ ತಂಡಕ್ಕೆ ಕೋಚ್ ಆದಳು. ಅಲ್ಲಿಗೆ ಬರುತ್ತಿದ್ದವರು ಸುತ್ತಮುತ್ತಲಿನ ಹೊಲಗಳ ಹುಡುಗಿಯರು. ಎತ್ತರವಿಲ್ಲ, ವೇಗವಿಲ್ಲ, ಬೈದರೆ ಅಳುವುದಿಲ್ಲ. ಅವರಿಗೆ ಇವಳು ಹೇಳಿಕೊಟ್ಟದ್ದು ಮುಖ್ಯವಾಗಿ ಒಂದೇ ಪಾಠ: ಜಾಗ ಬಿಡಬೇಡ. ಎದುರಾಳಿ ಓಡಿಬರುವ ದಾರಿಯಲ್ಲಿ ಮೊದಲೇ ಹೋಗಿ ನಿಂತುಬಿಡು. ಅವಳು ಬಂದು ಗುದ್ದಿ ನೀನು ಬಿದ್ದರೆ ತಪ್ಪು ಅವಳದ್ದು, ಚೆಂಡು ನಮ್ಮದು. ಊರಿನ ಹಳೇ ಶಾಲೆ ಮುಚ್ಚಿದಾಗ ಅದರ ಗಂಟೆಯನ್ನು ತಂದು ಕಾಲೇಜಿನ ಜಿಮ್ಮಿನಲ್ಲಿ ತೂಗುಹಾಕಿಸಿದಳು. ನಮ್ಮವಳೊಬ್ಬಳು ಜಾಗ ಬಿಡದೆ ಗುದ್ದಿಸಿಕೊಂಡು ಬಿದ್ದಾಗಲೆಲ್ಲ ನಿವೃತ್ತ ಪೋಸ್ಟ್‌ಮನ್ ಒರ್ವಿಲ್ ಎದ್ದು ಆ ಗಂಟೆ ಬಾರಿಸುತ್ತಿದ್ದ. ಬುಟ್ಟಿಗೆ ಚೆಂಡು ಬಿದ್ದರೆ ಚಪ್ಪಾಳೆ, ಹುಡುಗಿ ಬಿದ್ದರೆ ಗಂಟೆ. ಊರಿನವರಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಅದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಯಾರಿಗೂ ಅನ್ನಿಸಿರಲಿಲ್ಲ.

ಹೀಗಿರುವಾಗ ಕಾಲೇಜಿನ ದೊಡ್ಡವರಿಗೆ ದೊಡ್ಡ ಆಸೆ ಹುಟ್ಟಿತು. ಹಳೇ ಲೀಗ್ ಬಿಟ್ಟು ಮೇಲಿನ ಲೀಗಿಗೆ ಸೇರಿದರು. ಕೇಕ್ ಕತ್ತರಿಸಿದರು. ಕ್ರೀಡಾ ವಿಭಾಗದ ಮುಖ್ಯಸ್ಥ ಕೈಕುಲುಕಿ, "ನಿಮ್ಮ ಹುಡುಗೀರು ಗಟ್ಟಿ ಬಿಡಿ, ಮಾರ್ಲಿಸ್. ನಿಭಾಯಿಸ್ತಾರೆ" ಅಂದ. ಅವನದೇನು, ಗುದ್ದಿಸಿಕೊಳ್ಳುವವನು ಅವನಲ್ಲವಲ್ಲ.

ನವೆಂಬರಿನಲ್ಲಿ ಮೊದಲ ಪಂದ್ಯದ ದಿನ ಎದುರು ತಂಡ ಬಸ್ಸಿನಿಂದ ಇಳಿಯುವುದನ್ನು ಮಾರ್ಲಿಸ್ ನೋಡಿದಳು. ಒಬ್ಬೊಬ್ಬರೂ ತಲೆ ಬಗ್ಗಿಸಿಯೇ ಬಾಗಿಲು ದಾಟಬೇಕು, ಅಂಥ ಎತ್ತರ. ಆ ಸಂಜೆ ತಂಡ ಸೋತ ರೀತಿಯನ್ನು ಇಲ್ಲಿ ಹೇಳದಿರುವುದೇ ವಾಸಿ. ಮುಂದಿನದನ್ನೂ ಸೋತರು, ಅದರ ಮುಂದಿನದನ್ನೂ. ಬೇರೆ ಕೋಚ್ ಆಗಿದ್ದರೆ ಹೊಸ ಆಟ ಹುಡುಕುತ್ತಿದ್ದರೇನೋ. ಮಾರ್ಲಿಸ್ ತನಗೆ ಗೊತ್ತಿದ್ದ ಒಂದೇ ಪಾಠವನ್ನು ಇನ್ನೂ ಜೋರಾಗಿ ಹೇಳಿಕೊಟ್ಟಳು. ಹುಡುಗರ ತಂಡದಿಂದ ದಡೂತಿ ಆಳುಗಳನ್ನು ಕರೆಸಿ, ತನ್ನ ಹುಡುಗಿಯರ ಮೇಲೆ ಓಡಿಬರಲು ಹೇಳಿದಳು. ನಿಲ್ಲಿ, ನಿಲ್ಲಿ, ಜಾಗ ಬಿಡಬೇಡಿ.

ಎಲ್ಲರಿಗಿಂತ ಚೆನ್ನಾಗಿ ನಿಲ್ಲುತ್ತಿದ್ದವಳು ಟೆಸ್ ಓಡೆಗಾರ್ಡ್. ಹಂದಿ ಸಾಕುವವರ ಮನೆ ಹುಡುಗಿ, ಗಿಡ್ಡಿ, ಬೆನ್ನಿಗೊಂದು ಜಡೆ, ಬಾಯಿ ತುಂಬಾ ತುಂಟತನ. ಅದು ಅವಳ ಕೊನೆಯ ವರ್ಷ. ಮೇ ತಿಂಗಳು ಕಳೆದರೆ ಚಿಕ್ಕ ಮಕ್ಕಳ ಟೀಚರ್ ಆಗುವವಳಿದ್ದಳು. ಮಾರ್ಲಿಸ್‌ಗೆ ಮಕ್ಕಳಿಲ್ಲ. ಇದ್ದಿದ್ದರೆ ಇಂಥದ್ದೇ ಇರಬೇಕಿತ್ತು ಎಂದು ಅವಳು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿದವಳಲ್ಲ, ಆದರೆ ಟೆಸ್‌ಗೆ ಮಾತ್ರ ತನ್ನ ಮನೆಯ ಫ್ರಿಜ್ ಕೇಳದೆ ತೆಗೆಯುವ ಸಲಿಗೆ ಕೊಟ್ಟಿದ್ದಳು.

ಜನವರಿಯಲ್ಲಿ ಒಂದು ಪಂದ್ಯದಲ್ಲಿ ಟೆಸ್ ಗುದ್ದಿಸಿಕೊಂಡು ಬಿದ್ದಳು. ತಲೆಯ ಹಿಂಭಾಗ ನೆಲದ ಹಲಗೆಗೆ ಬಡಿದ ಸದ್ದು ಬೆಂಚಿನವರೆಗೂ ಕೇಳಿಸಿತು. ಎದ್ದಳು, ನಕ್ಕಳು, ಆಡಿದಳು. ಹಿಮದಲ್ಲಿ ಬಸ್ಸು ವಾಪಸು ಬರುತ್ತಿದ್ದಾಗ ಮುಂದಿನ ಸೀಟಿಗೆ ಒರಗಿ ಕೇಳಿದಳು.

"ಕೋಚ್, ಇವತ್ತು ಯಾವ ಊರಿಗೆ ಹೋಗ್ತಿದೀವಿ?"

"ಹೋಗ್ತಿಲ್ಲ ಕಣೆ. ಬರ್ತಿದೀವಿ."

"ಹೌದಲ್ವಾ" ಅಂದು ಟೆಸ್ ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಕೇಳಿದಳು. ಮಾರ್ಲಿಸ್ ಹಿಂದಕ್ಕೆ ತಿರುಗಿ ಅವಳ ಮುಖ ನೋಡಿದಳು.

ಆಟಗಾರರ ಪೆಟ್ಟು ನೋವು ನೋಡಿಕೊಳ್ಳುವವಳು ಬೆವ್, ಮಾರ್ಲಿಸ್‌ಳ ಹಳೇ ಗೆಳತಿ. ತಲೆಗೆ ಪೆಟ್ಟಾದವರಿಗೆ ಅವಳ ಕೋಣೆಯಲ್ಲೊಂದು ಪರೀಕ್ಷೆ. ಕಂಪ್ಯೂಟರ್ ಕೆಲವು ಪದ ತೋರಿಸುತ್ತದೆ, ನೆನಪಿಟ್ಟು ಹೇಳಬೇಕು. ಆಕಾರ ತೋರಿಸುತ್ತದೆ, ಗುರುತಿಸಬೇಕು. ಬೆಳಕು ಹತ್ತಿದೊಡನೆ ಗುಂಡಿ ಒತ್ತಬೇಕು. ಅಕ್ಟೋಬರಿನಲ್ಲಿ, ಎಲ್ಲರೂ ಆರೋಗ್ಯವಾಗಿರುವಾಗಲೇ, ಒಮ್ಮೆ ಬರೆಸಿ ಪ್ರತಿಯೊಬ್ಬಳಿಗೂ ಅವಳದೇ ಒಂದು ಗೆರೆ ಎಳೆದಿಟ್ಟಿರುತ್ತಾರೆ. ಪೆಟ್ಟಾದ ಮೇಲೆ ಮತ್ತೆ ಬರೆದು ಆ ಗೆರೆ ಮುಟ್ಟಿದರೆ ತಲೆ ಸರಿಯಿದೆ, ಆಡಬಹುದು. ಟೆಸ್ ಮುಟ್ಟಿದಳು.

ಬೆವ್ ಹೊರಗೆ ಬಂದು ಹೇಳಿದಳು. "ಕಂಪ್ಯೂಟರ್ ಸರಿ ಅಂತಿದೆ. ನಂಗ್ಯಾಕೋ ಸರಿ ಅನ್ನಿಸ್ತಿಲ್ಲ ಮಾರ್ಲಿ."

"ಮತ್ತೆ ಯಾರ ಮಾತು ಕೇಳ್ಲಿ ನಾನು?"

"ಅದು ಸರಿ ಅಂದ್ಮೇಲೆ ನಾನು ತಡೆಯೋ ಹಾಗಿಲ್ಲ. ನೀನು ತಡೀಬಹುದು."

ಮಾರ್ಲಿಸ್ ಕಂಪ್ಯೂಟರಿನ ಮಾತನ್ನೇ ಕೇಳಿದಳು. ಕೇಳಲು ಹಿತವಾಗಿದ್ದದ್ದು ಅದೇ ತಾನೆ. ಆದರೆ ಆಮೇಲಿನ ದಿನಗಳಲ್ಲಿ ಅವಳ ಕಣ್ಣು ಟೆಸ್‌ಳ ಮೇಲಿಂದ ಸರಿಯಲಿಲ್ಲ. ಹುಡುಗಿ ಬೆಂಚಿನ ತುದಿಯಲ್ಲಿ ಕೂತು ಶೂ ಲೇಸ್ ಕಟ್ಟುತ್ತಾಳೆ. ಬಿಚ್ಚುತ್ತಾಳೆ. ಮತ್ತೆ ಕಟ್ಟುತ್ತಾಳೆ. ಒಮ್ಮೊಮ್ಮೆ ಕಟ್ಟುವುದನ್ನು ನಡುವೆಯೇ ಬಿಟ್ಟು ಲೇಸನ್ನೇ ನೋಡುತ್ತ ಕೂರುತ್ತಾಳೆ. "ಏನೇ, ಮದುವೆ ಕನಸಾ?" ಎಂದು ಗೆಳತಿಯರು ಛೇಡಿಸಿದರೆ ತಲೆಯೆತ್ತಿ ನಗುತ್ತಾಳೆ. ಆ ನಗು ಬರುವುದು ಚೂರು ತಡವಾಗುತ್ತಿತ್ತು. ಜಿಮ್ಮಿನ ದೀಪಗಳನ್ನು ಕಂಡರೆ ಕಣ್ಣು ಕಿರಿದು ಮಾಡುತ್ತಿದ್ದಳು. ಪರೀಕ್ಷೆ ಪಾಸಾಗಿದ್ದಾಳಲ್ಲ ಎಂದು ಮಾರ್ಲಿಸ್ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಂಡಷ್ಟೂ ಅಳುಕು ಹೆಚ್ಚುತ್ತಿತ್ತು.

ಫೆಬ್ರುವರಿ ಬಂತು. ಹೊಸ ಲೀಗಿನಲ್ಲಿ ಇನ್ನೂ ಒಂದೂ ಗೆಲುವಿಲ್ಲ. ಕೊನೆಗೊಂದು ಪಂದ್ಯ ಸಿಕ್ಕಿತು, ತಮ್ಮದೇ ಜಿಮ್ಮಿನಲ್ಲಿ, ತಮ್ಮಷ್ಟೇ ಸೋತಿದ್ದ ತಂಡದ ಮೇಲೆ. ಗೆದ್ದರೆ ಇದೊಂದನ್ನು ಗೆಲ್ಲಬೇಕು. ಮುಖ್ಯಸ್ಥ ಈಚೆಗೆ ಕೈ ಕುಲುಕುವುದನ್ನು ಬಿಟ್ಟು ಬರೀ ತಲೆಯಾಡಿಸಿ ಹೋಗುತ್ತಿದ್ದ.

ತಮ್ಮ ಜಿಮ್ಮಿನಲ್ಲಿ ಪಂದ್ಯವಿದ್ದರೆ ಅದರ ಹಿಂದಿನ ಸಂಜೆ ತಂಡವೆಲ್ಲ ಕೋಚ್ ಮನೆಯಲ್ಲಿ ಊಟ ಮಾಡುವುದು ಹಾಲ್‌ಬೆಕ್‌ನ ಪದ್ಧತಿ. ಮಾರ್ಲಿಸ್ ದೊಡ್ಡ ಪಾತ್ರೆಯಲ್ಲಿ ಹುರುಳಿಕಾಯಿ ಬೀಜ, ಮಾಂಸ ಹಾಕಿ ಖಾರದ ಚಿಲಿ ಕುದಿಸುತ್ತಾಳೆ. ಅವಳ ಗಂಡ ಡ್ವೈಟ್ ಜೊತೆಗೆ ದಾಲ್ಚಿನ್ನಿಯ ಸಿಹಿ ರೋಲ್ ಬೇಯಿಸುತ್ತಾನೆ. ಖಾರದಲ್ಲಿ ಸಿಹಿ ಅದ್ದಿಕೊಂಡು ಹುಡುಗಿಯರು ನೆಲದ ಮೇಲೆ ಕಾಲು ಚಾಚಿ ಕೂರುತ್ತಾರೆ. ಆ ಸಂಜೆ ಕ್ಯಾಪ್ಟನ್ ಬ್ರಿನ್ ಹೊಸಬಳೊಬ್ಬಳನ್ನು ಗೋಳುಹುಯ್ದುಕೊಳ್ಳುತ್ತಿದ್ದಳು.

"ಇವಳಂಥ ಪೆದ್ದಿ ಇಲ್ಲ ಕಣ್ರೇ. ಅಕ್ಟೋಬರ್ ಪರೀಕ್ಷೇಲಿ ಎಲ್ಲಾ ಪದಾನೂ ಸರಿಯಾಗಿ ಹೇಳ್ಬಿಟ್ಟಿದ್ಳು. ನಾನು ಹೋಗಿ, ತಲೆನೋವಿತ್ತು ಅಂತ ಸುಳ್ಳು ಹೇಳು, ಇನ್ನೊಂದ್ಸಲ ಬರಿ ಅಂತ ಕಳಿಸ್ಬೇಕಾಯ್ತು."

ಮಾರ್ಲಿಸ್‌ಳ ಕೈಯಲ್ಲಿದ್ದ ಸೌಟು ನಿಂತಿತು. "ಸರಿಯಾಗಿ ಹೇಳಿದ್ರೆ ಏನಂತೆ?"

"ಅಯ್ಯೋ ಕೋಚ್, ಗೊತ್ತಿಲ್ದೋರ ಹಾಗೆ ಕೇಳ್ತೀರಲ್ಲ. ಗೆರೆ ಅಷ್ಟು ಎತ್ತರದಲ್ಲಿದ್ರೆ ಪೆಟ್ಟಾದ್ಮೇಲೆ ಮುಟ್ಟೋದು ಹೇಗೆ? ಎಲ್ಲರೂ ಬೇಕಂತಾನೇ ತಪ್ಪು ಮಾಡ್ತೀವಿ. ನೀವೇ ಹೇಳಿಕೊಟ್ಟಿದ್ದಲ್ವಾ."

"ನಾನಾ?"

"ನಾವು ಬರೋಕೆ ಮುಂಚೆ. ಸೀನಿಯರ್‌ಗಳು ಹೇಳಿದ್ರು, ಇದು ಕೋಚ್ ಮಾತು, ಮರೀಬೇಡಿ ಅಂತ."

ಆಗ ನೆನಪಾಯಿತು. ವರ್ಷಗಳ ಹಿಂದೆ ಇದೇ ಕೋಣೆಯಲ್ಲಿ, ಇಂಥದ್ದೇ ಒಂದು ಊಟದಲ್ಲಿ ಅವಳು ತಮಾಷೆಗೆಂದು ಒಂದು ಮಾತು ಬಿಟ್ಟಿದ್ದಳು: ಆ ಪರೀಕ್ಷೆಯಲ್ಲಿ ತೀರಾ ಜಾಣತನ ತೋರಿಸಬೇಡಿ, ಆಮೇಲೆ ಏಣಿ ಹಾಕಿ ಹತ್ತಬೇಕಾಗುತ್ತೆ. ಎಲ್ಲರೂ ನಕ್ಕಿದ್ದರು. ಅವಳು ಮರೆತಿದ್ದಳು. ಹುಡುಗಿಯರು ಮರೆತಿರಲಿಲ್ಲ. ಜಾಗ ಬಿಡಬೇಡ ಎಂಬ ಮಾತನ್ನು ಹೇಗೆ ಕೈದಾಟಿಸಿದ್ದರೋ ಇದನ್ನೂ ಹಾಗೆಯೇ ಕೈದಾಟಿಸಿದ್ದರು.

"ಟೆಸ್, ನೀನೂನಾ?"

ಟೆಸ್ ರೋಲ್ ನೆಕ್ಕುತ್ತ ಹೇಳಿದಳು. "ನಾನು ಅರ್ಧಾನೇ ಹೇಳಿದ್ದು ಕೋಚ್. ಇಡೀ ತಂಡದಲ್ಲಿ ನನ್ನಷ್ಟು ಚೆನ್ನಾಗಿ ದಡ್ಡಿ ಆದೋರು ಯಾರೂ ಇಲ್ಲ." ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾರ್ಲಿಸ್ ಒಳಗೆ ಹೋಗಿ ಒಲೆ ಆರಿಸಿ, ಏನು ಮಾಡಬೇಕೆಂದು ತೋಚದೆ ಅಲ್ಲೇ ನಿಂತಳು.

ಹುಡುಗಿಯರು ಹೋದ ಮೇಲೆ ಡ್ವೈಟ್ ಬಟ್ಟಲು ಒರೆಸುತ್ತ ಕೇಳಿದ. "ಬೆವ್‌ಗೆ ಫೋನ್ ಮಾಡಲ್ವಾ?"

"ಈಗ ಹೇಳಿದ್ರೆ ಅವಳು ಇಡೀ ತಂಡಾನೇ ಆಡಿಸ್ದೆ ಕೂರಿಸ್ತಾಳೆ. ನಾಳೆ ಒಂದು ಮುಗೀಲಿ."

"ಟೆಸ್‌ನ ಮಾತ್ರ ಕೂರಿಸು ಹಂಗಾದ್ರೆ."

"ಟೆಸ್ ಇಲ್ದೆ ಗೆಲ್ಲಲ್ಲ ಡ್ವೈಟ್. ಅಡ್ಡ ನಿಲ್ಲಬೇಡ ಅಂತ ಹೇಳ್ತೀನಿ ಬಿಡು."

ಡ್ವೈಟ್ ಒಣಗಿದ್ದ ಬಟ್ಟಲನ್ನೇ ಇನ್ನೊಮ್ಮೆ ಒರೆಸಿದ. "ನಿನ್ನಿಷ್ಟ" ಅಂದ.

ಮಾರನೆಯ ದಿನ ಪಂದ್ಯಕ್ಕೆ ಮುಂಚೆ ಅವಳು ಟೆಸ್‌ಳನ್ನು ಬದಿಗೆ ಕರೆದಳು. "ಇವತ್ತು ಯಾರಿಗೂ ಅಡ್ಡ ನಿಲ್ಲಬೇಡ. ಜಾಗ ಬಿಡು. ತಿಳೀತಾ?"

ಟೆಸ್ ಯಾವುದೋ ಬೇರೆ ಭಾಷೆ ಕೇಳಿದವಳ ಹಾಗೆ ನೋಡಿದಳು. "ನೀವಾ ಹೇಳ್ತಿರೋದು?"

"ನಾನೇ. ಹೋಗು."

ಜಿಮ್ಮು ತುಂಬಿತ್ತು. ಒರ್ವಿಲ್ ಗಂಟೆಯ ಹಗ್ಗ ಹಿಡಿದೇ ಕೂತಿದ್ದ. ಕೋಚ್ ಹೇಳಿದ ಹಾಗೆಯೇ ಟೆಸ್ ಆಡಿದಳು. ಆಟವಿಡೀ ಪಕ್ಕಕ್ಕೆ ಸರಿದಳು, ಗಂಟೆ ಸುಮ್ಮನಿತ್ತು. "ಏನಾಯ್ತೇ ನಿಮಗೆಲ್ಲ, ಕಾಲು ಸೋತೋಯ್ತಾ?" ಎಂದು ಯಾರೋ ಮೇಲಿನಿಂದ ಕೂಗಿದರು. ಎರಡೂ ತಂಡ ಸಮಸಮ ಓಡಿ, ಕೊನೆಯ ಕೆಲವೇ ಕ್ಷಣ ಉಳಿದಿರುವಾಗ ಹಾಲ್‌ಬೆಕ್ ಒಂದೇ ಒಂದು ಅಂಕ ಮುಂದಿತ್ತು. ಆಗ ಎದುರು ತಂಡದ ಎಲ್ಲರಿಗಿಂತ ದೊಡ್ಡ ಹುಡುಗಿ ಚೆಂಡು ಕಿತ್ತುಕೊಂಡು ಬುಟ್ಟಿಯ ಕಡೆ ಓಡಿಬಂದಳು. ದಾರಿಯಲ್ಲಿ ಇದ್ದವಳು ಟೆಸ್ ಒಬ್ಬಳೇ. ಟೆಸ್ ಸರಿಯತೊಡಗಿದ್ದಳು.

"ಜಾಗ ಬಿಡಬೇಡ!"

ಕೂಗಿದ್ದು ಮಾರ್ಲಿಸ್. ಕೂಗಬೇಕೆಂದು ಕೂಗಿದ್ದಲ್ಲ. ಜೀವಮಾನವಿಡೀ ಅದೊಂದನ್ನೇ ಕೂಗಿದ ಬಾಯಿ ಅದು, ಅವಳನ್ನು ಕೇಳದೆ ಕೂಗಿಬಿಟ್ಟಿತು. ಟೆಸ್ ಪಾದ ಊರಿದಳು. ಗುದ್ದಿದ ಸದ್ದು, ಹಲಗೆಗೆ ತಲೆ ಬಡಿದ ಸದ್ದು, ಅದರ ಹಿಂದೆಯೇ ಗಂಟೆ. ಒರ್ವಿಲ್ ಮೈಮೇಲೆ ಬಂದವನ ಹಾಗೆ ಬಾರಿಸಿದ. ತಪ್ಪು ಅವರದ್ದು, ಚೆಂಡು ನಮ್ಮದು. ಹಾಲ್‌ಬೆಕ್ ಗೆದ್ದಿತು.

ಜನ ಅಂಕಣಕ್ಕೆ ನುಗ್ಗಿದರು. ಟೆಸ್ ಎದ್ದು ನಿಂತಿದ್ದಳು, ಗೆಳತಿಯರು ಅವಳನ್ನು ಹೆಗಲ ಮೇಲೆ ಎತ್ತಿಕೊಂಡಿದ್ದರು, ಅವಳು ನಗುತ್ತಿದ್ದಳು. ಮುಖ್ಯಸ್ಥ ಬಂದು ಮಾರ್ಲಿಸ್‌ಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಅವಳು ಅದನ್ನು ಕೊಸರಿಕೊಂಡು ಹೋಗಿ ಓಣಿಯಲ್ಲಿ ಬೆವ್‌ಳನ್ನು ಹಿಡಿದು ಎಲ್ಲವನ್ನೂ ಹೇಳಿದಳು.

ಬೆವ್ ಕೇಳಿದ್ದು ಒಂದೇ. "ಯಾವಾಗ ಗೊತ್ತಾಯ್ತು ನಿಂಗೆ?"

"ನಿನ್ನೆ ಸಂಜೆ."

ಬೆವ್ ಅವಳ ಮುಖ ನೋಡಲಿಲ್ಲ. ಟೆಸ್‌ಳನ್ನು ಗೆಳತಿಯರ ಹೆಗಲಿನಿಂದ ಇಳಿಸಿ ಕರೆದುಕೊಂಡು ಹೋದಳು.

ಮರುದಿನ ಬೆಳಿಗ್ಗೆ ಇಡೀ ತಂಡ ಬೆವ್‌ಳ ಕೋಣೆಯ ಮುಂದೆ ಸಾಲಾಗಿ ಕೂತಿತ್ತು. ಟೆಸ್‌ಳನ್ನು ರಾತ್ರಿಯೇ ಡಾಕ್ಟರಿಗೆ ತೋರಿಸಿದ್ದರು; ಅವರೂ ಅವಳ ನಿಜವಾದ ಗೆರೆ ಎಲ್ಲಿತ್ತೆಂದು ಕೇಳಿದ್ದರು, ಅದು ಯಾರಿಗೂ ಗೊತ್ತಿರಲಿಲ್ಲ. "ಈ ಸಲ ನಾಟಕ ಬೇಡ" ಅಂದಳು ಮಾರ್ಲಿಸ್. "ಗೊತ್ತಿದ್ದಷ್ಟೂ ಬರೀರಿ. ನನ್ನಾಣೆ." ಒಬ್ಬೊಬ್ಬರೇ ಹೋಗಿ ಬಂದರು. ಪ್ರತಿಯೊಬ್ಬಳೂ ಅಕ್ಟೋಬರಿನ ಗೆರೆಯನ್ನು ಬಿಟ್ಟು ಎಲ್ಲೋ ಮೇಲೆ ಹೋಗಿದ್ದಳು. ಬ್ರಿನ್‌ಳದ್ದಂತೂ ಪರದೆಯ ತುದಿ ಮುಟ್ಟಿತ್ತು. ಎಷ್ಟು ಜಾಣೆಯರಪ್ಪಾ ಇವರು ಎನ್ನಿಸಿ ಮಾರ್ಲಿಸ್‌ಳ ಕಣ್ಣು ಒದ್ದೆಯಾಯಿತು.

ಕೊನೆಗೆ ಟೆಸ್ ಹೋದಳು. ಉಳಿದವರಿಗಿಂತ ಬಹಳ ಹೊತ್ತು ಒಳಗಿದ್ದಳು. ಬೆವ್ ಬಾಗಿಲು ತೆರೆದು ಪರದೆಯನ್ನು ಮಾರ್ಲಿಸ್‌ಳ ಕಡೆ ತಿರುಗಿಸಿದಳು. ಟೆಸ್ ತನ್ನ ಅಕ್ಟೋಬರಿನ ಗೆರೆಯನ್ನು ಮುಟ್ಟಿದ್ದಳು. ಸರಿಯಾಗಿ ಅಲ್ಲಿಗೇ. ಅಂದು ಬೇಕೆಂದೇ ದಡ್ಡಿಯಾಗಿದ್ದಷ್ಟೇ, ಅದಕ್ಕಿಂತ ಕೂದಲೆಳೆಯಷ್ಟೂ ಮೇಲಿರಲಿಲ್ಲ.

ನಿನ್ನೆಯ ಪೆಟ್ಟೋ, ಜನವರಿಯದೋ, ಹುಡುಗರನ್ನು ಓಡಿಸಿ ತಾನೇ ಕೊಡಿಸಿದ್ದೋ. ಒಂದು ಫೋನ್ ಮಾಡಿದ್ದರೆ ಇಷ್ಟಾಗುತ್ತಿರಲಿಲ್ಲವೋ, ಆಗಲೇ ಆಗಿಹೋಗಿತ್ತೋ. ಮಾರ್ಲಿಸ್‌ಗೆ ಅದು ಇನ್ನೆಂದೂ ಗೊತ್ತಾಗುವಂತಿರಲಿಲ್ಲ.

ಟೆಸ್ ಹೊರಗೆ ಬಂದಳು. ಮುಖದಲ್ಲಿ ಬೆವರಿತ್ತು, ಖುಷಿಯಿತ್ತು. ಒಂದು ಶೂ ಲೇಸ್ ಬಿಚ್ಚಿ ನೆಲಕ್ಕೆ ಜೋತಾಡುತ್ತಿತ್ತು.

"ಈ ಸಲ ಬೇಕಂತ ಒಂದೂ ತಪ್ಪು ಮಾಡಿಲ್ಲ ಕೋಚ್, ದೇವರಾಣೆ. ಎಷ್ಟು ಮೇಲೆ ಹೋದೆ?"

ಮಾರ್ಲಿಸ್ ಅವಳ ಮುಂದೆ ಮಂಡಿಯೂರಿ ಕೂತು, ತಲೆ ಬಗ್ಗಿಸಿ, ಆ ಲೇಸ್ ಕಟ್ಟತೊಡಗಿದಳು.