ಉಂಡ ಮೇಲೆ ಯಾವ ಕೈ ತೊಳೀತಾಳ?

ಹುಲಿಹೈದರ ಹಳ್ಳಿಯ ಕೋಳಿಗಳು ಇನ್ನೂ ಮಗ್ಗುಲು ಬದಲಿಸುತ್ತಿವೆ. ಕಸ್ತೂರೆಮ್ಮ ಆಗಲೇ ಮೊದಲ ಬಸ್ಸಿಳಿದು ಓಣಿ ಹೊಕ್ಕಿದ್ದಾರೆ. ಅವರ ನಡಿಗೆ ಎಂಥದೆಂದರೆ, ಬೆನ್ನು ಹತ್ತಿದ ನಾಯಿಗಳೇ ದಣಿದು ಮರಳುತ್ತವೆ. ಪೇಪರಿಗೆ ಬರೆಯಲೆಂದು ಜೊತೆಗೆ ಬಂದ ನಾನು ಮಾತ್ರ ಮಾನಕ್ಕಂಜಿ ಓಡುತ್ತಿದ್ದೇನೆ.

"ಬಂದ್ಯಾ ನಮ್ಮವ್ವಾ! ಸೂರ್ಯಾಗ ಚಾ ಕೊಟ್ಟು ಎಬ್ಬಿಸೇ ಬಂದಿಯೇನ?" ಬಾಗಿಲಲ್ಲೇ ಹನುಮಂತಮ್ಮಜ್ಜಿ ಕೆಣಕುತ್ತಾರೆ.

ಇಷ್ಟು ನಸುಕಿನಲ್ಲಿ ಯಾಕೆಂದು ನಾನೂ ಕಸ್ತೂರೆಮ್ಮನನ್ನು ಕೇಳುತ್ತೇನೆ.

"ಮಕ್ಕಳು ಜಳಕಾ ಮಾಡೋದು, ಅಂಗಿ ಹಾಕ್ಕೊಳ್ಳೋದು, ಉಣ್ಣೋದು ಈಗ್ರಿ. ಹೊತ್ತೇರಿದ ಮ್ಯಾಲೆ ಬಂದ್ರ ಬರೇ ಮಾತು ಸಿಗ್ತಾವು, ಕೈ ಕಾಣಂಗಿಲ್ಲ."

ಕೈ ಎಂದರೆ, ಹುಟ್ಟುವಾಗ ಭುಜದ ನರಕ್ಕೆ ಪೆಟ್ಟು ಬಿದ್ದು ಸೋತ ಪುಟ್ಟ ಕೈಗಳು. ಕೈ ಎಷ್ಟು ಸುಧಾರಿಸಿದೆಯೆಂದು ಅಂಥ ಮಕ್ಕಳ ತಾಯಂದಿರಿಗೆ ಕೇಳುವ ಹಾಳೆಯ ಇಂಗ್ಲಿಷ್ ಪ್ರಶ್ನೆಗಳನ್ನು ಇಲ್ಲಿಯ ಮನೆಗಳಿಗೆ ಒಗ್ಗಿಸುವುದು, ಕೊಪ್ಪಳದ ಚಿಕಿತ್ಸಾ ಕೇಂದ್ರವೊಂದರಲ್ಲಿ ಕಸ್ತೂರೆಮ್ಮನ ಕೆಲಸ. ಕುಷ್ಟಗಿ, ಯಲಬುರ್ಗಾಕ್ಕೆ ಕನ್ನಡ, ಆಂಧ್ರದಿಂದ ಬಂದು ನೆಲೆಸಿದ ರೈತರ ಗಂಗಾವತಿಯ ಕ್ಯಾಂಪುಗಳಿಗೆ ತೆಲುಗು. ಉರ್ದುವಿಗೆ ಕೇಂದ್ರದ ಚಾಲಕ ರೆಹಮಾನ ನೆರವಾಗುತ್ತಾರೆ. ಇಂಗ್ಲಿಷ್ ಹಾಳೆಯ ಮಗು ಚಾಕು ಹಿಡಿದು ಮಾಂಸ ಕತ್ತರಿಸಿದರೆ, ಕಸ್ತೂರೆಮ್ಮನ ಹಾಳೆಯ ಮಗು ಎರಡೂ ಕೈಯಿಂದ ಖಡಕ್ ರೊಟ್ಟಿ ಮುರಿಯುತ್ತದೆ.

ಇವರು ಕುಕನೂರಿನ ಬಳೆ ಅಂಗಡಿಯ ಮಗಳು. "ಮಂದಿಗೆ ಬಳಿ ಇಡಿಸ್ಕೋತನ ಬೆಳದಾಕಿ ನಾ. ಕೈ ಹಿಡದು ನೋಡೋ ಚಾಳಿ ಬಿಟ್ಟಿಲ್ರಿ," ಎಂದು ನಗುತ್ತಾರೆ. ಪ್ರತಿ ಪ್ರಶ್ನೆಯನ್ನೂ ಮೊದಲು ಅಜ್ಜಿಯರಿಗೆ ಓದಿ ಹೇಳಿ, "ಏನ್ ತಿಳೀತು, ಮಾಡಿ ತೋರಸ್ರಿ" ಎನ್ನುತ್ತಾರೆ. ಅಜ್ಜಿ ತಬ್ಬಿಬ್ಬಾದರೆ ಆ ಪ್ರಶ್ನೆ ರದ್ದು. ಹಾಗೆ ರದ್ದಾದವುಗಳನ್ನೆಲ್ಲ ಹೊಳೆಗೆ ಚೆಲ್ಲಿದರೆ ಮುನಿರಾಬಾದಿನಲ್ಲಿ ಅಣೆಕಟ್ಟಿನ ಗೇಟು ಎತ್ತಬೇಕಾದೀತು!

ಇಂಥವರೂ ಒಮ್ಮೆ ಎಡವಿದ್ದಾರೆ, ಇದೇ ಮನೆಯಲ್ಲಿ. 'ಮಗು ತಾನೇ ಉಣ್ಣುತ್ತದೆಯೇ?' ಎಂದು ಕೇಳಿದಾಗ ಹನುಮಂತಮ್ಮನ ಸೊಸೆ ಹೌದೆಂದಿದ್ದಳು. ಹಾಳೆಯ ಪ್ರಕಾರ ಐದು ವರ್ಷದ ಮಗಳು ವಾಣಿಶ್ರೀಯ ಸೋತ ಬಲಗೈ ಸುಧಾರಿಸಿತ್ತು. ಶಸ್ತ್ರಚಿಕಿತ್ಸೆಯ ವೈದ್ಯರು ಕೇಂದ್ರಕ್ಕೆ ಬಂದಾಗ ಈ ಹುಡುಗಿಗೆ ಕರೆಯೇ ಹೋಗಲಿಲ್ಲ.

ಆಮೇಲೊಂದು ಮುಂಜಾನೆ ಕಸ್ತೂರೆಮ್ಮ ಇಲ್ಲೇ ಕೂತಿದ್ದಾರೆ. ಉಂಡೆದ್ದ ಮೊಮ್ಮಗಳ ಕೈಗೆ ಅಜ್ಜಿ ತಂಬಿಗೆ ಬಗ್ಗಿಸುತ್ತಾರೆ. ಮುಂದೆ ಬಂದದ್ದು ಎಡಗೈ. ಬಲಗೈ ಜೋತುಬಿದ್ದೇ ಇದೆ.

"ಯಾವ ಕೈಲೆ ಉಣ್ತೀ ಅಂತ ಕೇಳಿದ್ರ ನಮ್ಮ ಕಡೆ ಬೈದಂಗ್ರಿ. ಅದಕ್ಕ ನಾ ಕೇಳಿರ್ಲಿಲ್ಲ. ಎಡಗೈ ಅನ್ನಾಕ ಅವರೂ ನಾಚಿದ್ರು. ತಪ್ಪು ನಂದ," ಎನ್ನುತ್ತಾರೆ ಕಸ್ತೂರೆಮ್ಮ.

ಈಗ ಹಾಳೆಗೊಂದು ಹೊಸ ಪ್ರಶ್ನೆ ಸೇರಿದೆ: 'ಉಂಡ ಮ್ಯಾಲೆ ಯಾವ ಕೈ ತೊಳೀತಾಳ?' ಇದಕ್ಕೆ ಯಾವ ತಾಯಿಯೂ ತಲೆ ತಗ್ಗಿಸುವುದಿಲ್ಲ. ಭೂಮಂಡಲದಲ್ಲಿ ಇಷ್ಟು ಮರ್ಯಾದಸ್ಥ ಪ್ರಶ್ನೆ ಇನ್ನೊಂದಿಲ್ಲವೆಂದು ನನ್ನ ಮೀಸೆ ಪಣಕ್ಕಿಡುತ್ತೇನೆ.

ವೈದ್ಯರು ಈಗ ವಾಣಿಶ್ರೀಯನ್ನು ನೋಡಿದ್ದಾರೆ. ಮುಂದಿನ ವಾರವೇ ಶಸ್ತ್ರಚಿಕಿತ್ಸೆ. ಆ ಸುದ್ದಿ ಹೊತ್ತೇ ಕಸ್ತೂರೆಮ್ಮ ಇಂದು ಬಂದಿದ್ದಾರೆ.

ಪೇಪರಿನಲ್ಲಿ ಬಾಗಿಲಷ್ಟು ದೊಡ್ಡ ಫೋಟೊ ಹಾಕಿಸುತ್ತೇನೆಂದು ನಾನು ಜಂಬ ಕೊಚ್ಚುತ್ತೇನೆ.

"ನನ್ನ ಫೋಟೊ ಯಾಕ್ರೀ? ಒಂದಿನ ಈಕಿ ಎಂಜಲ ಬಲಗೈ ಮುಂದ ಚಾಚಲಿ. ಆವತ್ತು ನಾ ಬಂದು ನೀರ ಹಾಕ್ತೀನಿ."

"ತಂಬಗಿ ನಂದು!" ಹನುಮಂತಮ್ಮ ತಂಬಿಗೆಯನ್ನು ಮಡಿಲಿಗೆಳೆದುಕೊಳ್ಳುತ್ತಾರೆ.

"ಆತು ಬೇ, ನೀನ ಹಾಕು. ನಾ ನೋಡ್ಕೋತ ನಿಂದರ್ತೀನಿ."