ಸೋಮವಾರದ ಬಂಗುಡೆ

ಮೊನ್ನೆ ಕೋಟದಲ್ಲಿ ಬಸ್ಸು ಹತ್ತಿದ ಹೆಂಗಸಿನ ಬುಟ್ಟಿಯಿಂದ ಮೀನಿನ ನೀರು ತೊಟ್ಟಿಕ್ಕಿತು. ಪಕ್ಕದವರು ಕಿಟಕಿಯತ್ತ ಸರಿದರು. ನಾನು ಬುಟ್ಟಿಯತ್ತಲೇ ವಾಲಿದೆ. ಉಪ್ಪು, ಐಸು, ಬಂಗುಡೆ... ಮನೆಮನೆಗೆ ಮೀನು ಹೊತ್ತು ತರುತ್ತಿದ್ದ ನಮ್ಮ ಮೀನಿನಕ್ಕ ಗೇಟಿಗೆ ಬಂದಂತಾಯಿತು.

ಅವಳ ಮುಖ ಸರಿಯಾಗಿ ನೆನಪಿಲ್ಲ. ಎರಡು ಮೂಗುಬೊಟ್ಟು ಇದ್ದವು ಎಂದು ಬರೆಯಹೊರಟೆ. ಅವು ನನ್ನ ಅಜ್ಜಿಯವು. ದನಿಯಂತೂ ಅವಳದ್ದೇ.

ತಂಗಿ ತೀರಿಕೊಂಡ ವರ್ಷ ನಾನು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಕುಂದಾಪುರದ ಡಾಕ್ಟರು ಖಿನ್ನತೆ ಎಂದರು, ಮಾತ್ರೆ ಬರೆದರು. ಮೊಬೈಲು ತೆರೆದರೆ ಎಲ್ಲೋ ಯುದ್ಧ, ಎಲ್ಲೋ ನೆರೆ. ನಿನ್ನೆಯ ಸುದ್ದಿ ಯಾವುದು, ಇವತ್ತಿನದು ಯಾವುದು ತಿಳಿಯುತ್ತಿರಲಿಲ್ಲ. ಡಾಕ್ಟರು ಪ್ರತಿ ಸಲವೂ ಮೊದಲು ಕೇಳುತ್ತಿದ್ದದ್ದು, ಇವತ್ತು ಯಾವ ವಾರ? ಉತ್ತರ ತಪ್ಪಿದರೆ ನಾನೇ ಕೈತಪ್ಪಿ ಹೋದೆ ಎಂದು ಹೆದರುತ್ತಿದ್ದೆ.

ಅದಕ್ಕೆ ಮೀನಿನಕ್ಕನನ್ನು ಹಿಡಿದುಕೊಂಡೆ. ನಮ್ಮ ಕೇರಿಯಲ್ಲಿ ಸೋಮವಾರ ಯಾರೂ ಮೀನು ತಿನ್ನುವುದಿಲ್ಲ, ಅವಳೂ ಬರುವುದಿಲ್ಲ. ಬೆಳಿಗ್ಗೆ ಗೇಟಿನಿಂದ ಅವಳು ಕೂಗುವ "ಹ್ವಾಯ್" ಕೇಳದಿದ್ದರೆ ಸೋಮವಾರ. ಅಲ್ಲಿಂದ ಬೆರಳು ಮಡಿಸಿದರಾಯಿತು.

ಉಳಿದ ದಿನ ನಾನು ಏಳಲೇಬೇಕಿತ್ತು. ನಮ್ಮವರು ಪಾತ್ರೆ ಹಿಡಿದು ಹೋದರೆ ಅವಳು ಮೀನು ಹಾಕುತ್ತಿರಲಿಲ್ಲ. "ಗಂಡಸ್ರಿಗೆ ಮೀನಿನ ಕಣ್ಣ್ ಕಂಡ್ ಹೊಸ್ತಾ ಹಳ್ತಾ ಹೇಳುಕೆ ಬತ್ತಿಲ್ಲೆ. ಅಮ್ಮನೇ ಬರ್ಲಿ."

ನಡುವೆ ಸುಮಾರು ದಿನ ಅವಳು ಬರಲಿಲ್ಲ. ನನಗೆ ಸಾಲಾಗಿ ಸೋಮವಾರಗಳು. ಅವಳ ಗಂಡ ತೀರಿಕೊಂಡಿದ್ದನೆಂದು ಆಮೇಲೆ ತಿಳಿಯಿತು.

ಕೊನೆಗೊಂದು ಬೆಳಿಗ್ಗೆ "ಹ್ವಾಯ್" ಕೇಳಿತು. ಪಾತ್ರೆ ಹಿಡಿದು ಓಡಿದೆ. ನಾಲ್ಕು ಬಂಗುಡೆ ಬಿದ್ದವು. ಅಷ್ಟರಲ್ಲಿ ದೇವಸ್ಥಾನಕ್ಕೆಂದು ಹೊರಟ ನಮ್ಮವರು ಮೆಟ್ಟಿಲಲ್ಲೇ ನಿಂತರು. "ಇವತ್ತ್ ಸೋಮಾರ ಅಲ್ದಾ?"

ಅವಳು ನನ್ನನ್ನು ನೋಡಿದಳು, ನಾನು ಮೀನನ್ನು.

"ಅಮಾ, ನೀವ್ ಪಾತ್ರೆ ಹಿಡ್ಕಂಡ್ ಬಂದ್ರಿ. ಹಾಂಗಾರೆ ಸೋಮಾರ ಅಲ್ಲ ಅಂದ್ಕಂಡೆ."

"ನೀನ್ ಬಂದ್ಯಲ್ಲ ಅಕ್ಕ, ಹಾಂಗಾಯಿ ನಾನೂ ಅಲ್ಲ ಅಂದ್ಕಂಡೆ."

"ಒಳ್ಳೆ ಜೋಡಿ," ಎಂದರು ನಮ್ಮವರು.

ತಂಗಿ ಹೋದ ಮೇಲೆ ನಾನು ನಕ್ಕದ್ದು ಅವತ್ತೇ ಮೊದಲು. ಇಬ್ಬರೂ ಗೇಟು ಹಿಡಿದುಕೊಂಡು ನಕ್ಕೆವು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಗುವಿಗೋ ಗಂಡನಿಗೋ ನಾನು ಕೇಳಲಿಲ್ಲ. ವಾರ ತಪ್ಪಿದವಳು ನಾನೊಬ್ಬಳೇ ಅಲ್ಲ ಎಂದು ಗೊತ್ತಾಯಿತು, ಅಷ್ಟು ಸಾಕಾಗಿತ್ತು.

ಆ ಬಂಗುಡೆ ಬೆಕ್ಕಿನ ಪಾಲಾಯಿತು ಎಂದು ನನ್ನ ನೆನಪು. ಫ್ರಿಜ್ಜಿನಲ್ಲಿಟ್ಟು ಮಂಗಳವಾರ ಸಾರು ಮಾಡಿದ್ದೆವು, ಬೆಕ್ಕು ಸಾಕಿದ್ದೇ ಮರುವರ್ಷ ಎನ್ನುತ್ತಾರೆ ನಮ್ಮವರು. ಇರಬಹುದು... ಹಾಗಾದರೆ ನನಗೆ ಕಾಣುವ ಆ ಬೆಕ್ಕು ಯಾರದ್ದು?

ಮುಂದಿನ ಸಲ ಡಾಕ್ಟರು ವಾರ ಕೇಳಿದಾಗ, "ಮೀನಿನಕ್ಕ ತಪ್ಪದಿದ್ದರೆ ಗುರುವಾರ" ಎಂದೆ. ಅವರೂ ನಕ್ಕರು. ಭಯವೇ ಆಗಲಿಲ್ಲ.

ಮೀನಿನಕ್ಕ ತೀರಿಕೊಂಡು ಎರಡು ಮಳೆಗಾಲವಾಯಿತು. ಈಗ ಮೀನು ಆಟೊದಲ್ಲಿ ಮೈಕು ಹಾಕಿಕೊಂಡು ಬರುತ್ತದೆ, ಸೋಮವಾರವೂ.

ಬಸ್ಸಿನ ಹೆಂಗಸು ನಾನು ನೋಡುವುದನ್ನು ಕಂಡು ಬುಟ್ಟಿಯ ಪ್ಲಾಸ್ಟಿಕ್ಕು ಸರಿಸಿದಳು. "ಹೊಸ ಬಂಗ್ಡಿ ಅಮಾ, ಬೇಕಾ?"

"ಇವತ್ತ್ ಸೋಮಾರ," ಎಂದೆ. ಬೆರಳು ಮಡಿಸಲಿಲ್ಲ, ಯಾರನ್ನೂ ಕೇಳಲಿಲ್ಲ.

"ಹೌದಲೆ. ನಾಳಿಗ್ ಕಾಂಬ," ಎಂದು ಮುಚ್ಚಿದಳು.

"ಇವತ್ತ್ ಸೋಮಾರ": ಆ ಬೆಳಿಗ್ಗೆ ಗೇಟಿನಲ್ಲಿ ನಾನು ಹೇಳಬೇಕಿದ್ದ ಮಾತು ಅದು. ಈಗ ಸರಿಯಾಗಿಯೇ ಬಂತು. ತಮಾಷೆ ಮಾಡಲು ಮೀನಿನಕ್ಕ ಇಲ್ಲ.