ಮಾವನವರು ಒಪ್ಪಿದ ಬೈಕು

ಗದಗಿನ ಕಡೆ ಹುಟ್ಟಿ, ಐಟಿಐ ಓದಿ, ನಲವತ್ತು ಸಮೀಪಿಸಿದರೂ ನನಗೆ ಬೈಕು ಹೊಡೆಯಲು ಬರುತ್ತಿರಲಿಲ್ಲ. ಇದನ್ನು ಹೇಳಿದರೆ ನಮ್ಮ ಕಡೆಯವರು ನಂಬುವುದಿಲ್ಲ. ಹಾಸ್ಟೆಲಿನಲ್ಲಿದ್ದಾಗ ಗೆಳೆಯರ ಹಿಂದೆ ಕೂತೆ, ಕೆಲಸ ಹುಡುಕುವಾಗ ಅಣ್ಣನ ಹಿಂದೆ ಕೂತೆ. ಇಪ್ಪತ್ಮೂರನೇ ವಯಸ್ಸಿಗೆ ಕುವೈತಿಗೆ ಬಂದ ಮೇಲೆ ಡ್ಯೂಟಿಗೆ ಕಂಪನಿ ಬಸ್ಸು, ಮದುವೆಯಾದ ಮೇಲೆ ತಿರುಗಾಟಕ್ಕೆ ಒಂದು ಹಳೆಯ ಕಾರು. ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಕಾಂಟ್ರಾಕ್ಟ್ ಮೇಲೆ ಟೆಕ್ನಿಷಿಯನ್ ಆಗಿದ್ದೆ. ಬೈಕಿನ ಅಗತ್ಯವೇ ಬಿದ್ದಿರಲಿಲ್ಲ.

ಆಸೆ ಹುಟ್ಟಿದ್ದು ಗೇಟಿನ ಹತ್ತಿರ. ನಮ್ಮ ಶಿಫ್ಟಿನ ಒಬ್ಬ ಫಿಲಿಪೀನೋ ವೆಲ್ಡರ್ ಚಳಿಗಾಲದ ಬೆಳಿಗ್ಗೆ ಬೈಕಿನಲ್ಲಿ ಬರುತ್ತಿದ್ದ. ಹೆಲ್ಮೆಟ್ ತೆಗೆದಾಗ ಅವನ ಮೂಗು ಕೆಂಪಾಗಿರುತ್ತಿತ್ತು, ಮುಖದ ಮೇಲೆ ಒಂದು ನಗು ಇರುತ್ತಿತ್ತು. ಬಸ್ಸಿನಿಂದ ಇಳಿಯುವ ನಮ್ಮಲ್ಲಿ ಒಬ್ಬರ ಮುಖದಲ್ಲೂ ಆ ಹೊತ್ತಿಗೆ ಅಂಥ ನಗು ಕಂಡಿದ್ದಿಲ್ಲ. ಅದನ್ನು ಎರಡು ಚಳಿಗಾಲ ನೋಡಿದೆ. ಮೂರನೆಯದಕ್ಕೆ ಡ್ರೈವಿಂಗ್ ಸ್ಕೂಲಿಗೆ ಹೆಸರು ಕೊಟ್ಟು ಬಂದು ಹೆಂಡತಿಗೆ ಹೇಳಿದೆ.

ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಈ ರಸ್ತಾದಾಗ?" ಎಂದಳು. ಅಷ್ಟೇ. ನಮ್ಮ ಮನೆ ಮಂಗಾಫ್‌ನಲ್ಲಿ, ಎಕ್ಸ್‌ಪ್ರೆಸ್‌ವೇ ಪಕ್ಕ. ಹಗಲೆಲ್ಲ ಕಾರುಗಳು ಹಾರಿಹೋಗುವ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಸಂಜೆ ಅವಳು ಊರಿಗೆ ಫೋನ್ ಮಾಡಿದ್ದು ಒಳಗಿನ ಕೋಣೆಯಿಂದ ಕೇಳಿಸಿತು. "ಅಪ್ಪಾ, ಹೆಂಗೂ ಬರಾಕತ್ತಿ, ನೀನ ಬಂದು ಹೇಳು. ನನ್ನ ಮಾತ ಕೇಳವಲ್ರು."

ಮಾವನವರು ಬರುವುದು ಮೊದಲೇ ಗೊತ್ತಾಗಿತ್ತು. ಅತ್ತೆ ಕಿರಿಯ ಮಗಳ ಬಾಣಂತನಕ್ಕೆ ಹೋಗಿದ್ದರು, ಮಾವ ಮೂರು ತಿಂಗಳ ವಿಸಿಟ್ ವೀಸಾದ ಮೇಲೆ ಒಬ್ಬರೇ ನಮ್ಮಲ್ಲಿಗೆ ಹೊರಟಿದ್ದರು. ಸರಕಾರಿ ಬಸ್ ಡಿಪೋದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಮಾತು ಕಡಿಮೆ. ಅದರಲ್ಲೂ ನನ್ನೊಂದಿಗೆ ಇನ್ನೂ ಕಡಿಮೆ. ನಮ್ಮ ಕಡೆ ಅಳಿಯ ಅಂದರೆ ಎದುರಾಡದೆ ಮರ್ಯಾದೆ ಕೊಡಬೇಕಾದ ಮನುಷ್ಯ. ನಾನು ಕೋಣೆಗೆ ಬಂದರೆ ಅವರು ಏಳುತ್ತಿದ್ದರು, ಅವರು ಬಂದರೆ ನಾನು ಏಳುತ್ತಿದ್ದೆ. ಹೀಗಾಗಿ ಮದುವೆಯಾದಾಗಿನಿಂದ ಹನ್ನೆರಡು ವರ್ಷ ನಾವಿಬ್ಬರೂ ಮಾತಾಡಿದ್ದೆಲ್ಲ ಹೆಚ್ಚಾಗಿ ನಿಂತುಕೊಂಡೇ.

ಬಂದ ಮೂರನೆಯ ದಿನ ಚಹಾ ಕುಡಿಯುತ್ತ ಅವರು ಕೇಳಿದರು. "ಗಾಡಿ ತಗೋತೀರಂತ."

"ಹೌದ್ರಿ ಮಾವಾರ. ಒಂದ ಆಸೆ ಐತಿ."

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವರು ಮಗಳನ್ನೊಮ್ಮೆ ನೋಡಿ, ಚಹಾದ ಬಸಿ ಕೆಳಗಿಟ್ಟರು. "ನೋಡೂಣ್ರಿ. ತಗೊಳ್ಳೂದ ಆದ್ರ ಛಲೋದ ನೋಡಿ ತಗೊಳ್ಳೂಣು."

ಬೇಡ ಅನ್ನುತ್ತಾರೆಂದು ಕಾದಿದ್ದ ಅವಳ ಮುಖ ಬಾಡಿತು. ನನಗೋ ಒಳಗೊಳಗೇ ಖುಷಿ.

ಶನಿವಾರ ಇಬ್ಬರೂ ಶುವೈಖ್ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋದೆವು. ಸಾಲುಸಾಲು ಗ್ಯಾರೇಜು, ಟೈರಿನ ಅಂಗಡಿ, ಶೋರೂಮು. ಮಾವನವರು ಗುಡಿಗೆ ಬಂದವರ ಹಾಗೆ ನಿಧಾನಕ್ಕೆ ನೋಡುತ್ತ ನಡೆದರು. ಒಂದು ಅಂಗಡಿಯ ಮುಂದೆ ಕೆಂಪು ಬಣ್ಣದ ಆರುನೂರು ಸಿಸಿ ಬೈಕು ನಿಂತಿತ್ತು. ಅದನ್ನು ಕಂಡದ್ದೇ ನನ್ನ ಕಾಲು ತಾನಾಗಿ ನಿಂತಿತು. ಅಂಗಡಿಯ ಪಾಕಿಸ್ತಾನಿ, "ಬೈಠೋ ಭಾಯಿ, ಬೈಠ್ ಕೇ ದೇಖೋ" ಎಂದ. ಕೂತೆ. ನಾನು ಎತ್ತರದವನಲ್ಲ. ಎರಡೂ ಕಡೆ ಬೆರಳ ತುದಿಯಷ್ಟೇ ನೆಲಕ್ಕೆ ತಾಗಿತು. ಬೈಕು ಒಂದು ಬದಿಗೆ ಸ್ವಲ್ಪ ವಾಲಿದಾಗ ಅದರ ಭಾರಕ್ಕೆ ತೊಡೆ ನಡುಗಿತು.

"ಎರಡೂ ಪಾದ ಪೂರಾ ಊರ್ರಿ," ಎಂದರು ಮಾವ.

"ಊರಾಕ ಆಗವಲ್ದ್ರಿ."

"ಹಂಗಾದ್ರ ಇಳೀರಿ."

ಅವರು ನನ್ನ ಮೇಲೆ ಹುಕುಂ ಮಾಡಿದ್ದು ಅದೇ ಮೊದಲು. ತಮಗೇ ಅದು ಹೊಳೆದು, "ಅಲ್ಲ, ಇಳೀಬಹುದು ಅಂದೆ" ಎಂದು ತಿದ್ದಿಕೊಂಡರು.

ಆಮೇಲಿನ ಶನಿವಾರಗಳೆಲ್ಲ ಹೀಗೇ ಹೋದವು. ಅವರು ಬೈಕು ನೋಡುವ ರೀತಿ ಬೇರೆ. ಮೊದಲು ಅಂಗೈ ಹಿಂಭಾಗವನ್ನು ಇಂಜಿನಿಗೆ ತಾಗಿಸುವರು. ಬಿಸಿಯಿದ್ದರೆ, "ನಾವು ಬರೂಕಿಂತ ಮೊದ್ಲ ಚಾಲೂ ಮಾಡಿ ಇಟ್ಟಾನ. ತಣ್ಣಗಿದ್ದಾಗ ಹೆಂಗ ಚಾಲೂ ಆಗತೈತಿ ಅನ್ನೂದು ಇನ್ನ ನಮಗ ತಿಳ್ಯಾಂಗಿಲ್ಲ." ಚೈನನ್ನು ಬೆರಳಿನಿಂದ ಎತ್ತಿ ನೋಡುವರು. ಮುಂದಿನ ಚಕ್ರವನ್ನು ನನ್ನ ಕೈಯಿಂದ ಎತ್ತಿಸಿ ಹ್ಯಾಂಡಲ್ ತಿರುಗಿಸುವರು. ಒಂದರ ಟೈರಿನ ಪಟ್ಟೆ ಹೊಸದರ ಹಾಗೆ ಎದ್ದು ಕಾಣುತ್ತಿತ್ತು, ನಾನು ಹೊಗಳಿದೆ. ಅವರು ಟೈರಿನ ಬದಿಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿದರು. ಕೂದಲೆಳೆಯಂಥ ಬಿರುಕುಗಳು. "ಓಡಿ ಸವದಿಲ್ಲ, ಬಿಸಲಿಗೆ ನಿಂತು ಸತ್ತೈತಿ." ಒಂದಕ್ಕೆ ಮುಂದಿನ ಫೋರ್ಕಿನಲ್ಲಿ ಎಣ್ಣೆ ಜಿನುಗುತ್ತಿತ್ತು. ಇನ್ನೊಂದರ ಕಾಲಿಡುವ ಕಡ್ಡಿ ಬಾಗಿತ್ತು. ಮತ್ತೊಂದರಲ್ಲಿ ಏನೂ ಸಿಗದೆ, "ಸೈಲೆನ್ಸರ್ ಆವಾಜ್ ಯಾಕೋ ಸರಿ ಇಲ್ರಿ" ಎಂದರು. ನನಗೆ ಆ ಆವಾಜಿನಲ್ಲಿ ದೋಷ ಕಾಣಲಿಲ್ಲ. ಏಳನೆಯ ಬೈಕೋ ಎಂಟನೆಯದೋ ಆಗುವ ಹೊತ್ತಿಗೆ ನನಗೆ ಅರ್ಥವಾಗತೊಡಗಿತು. ಅಳಿಯನಿಗೆ ಇಲ್ಲ ಅನ್ನಲಾಗದ ಮನುಷ್ಯ ಒಂದೊಂದೇ ಬೈಕಿಗೆ ಇಲ್ಲ ಅನ್ನುತ್ತ ವೀಸಾ ಮುಗಿಯುವುದನ್ನು ಕಾಯುತ್ತಿದ್ದಾರೆ. ಕೇಳುವ ಧೈರ್ಯ ನನಗಿರಲಿಲ್ಲ. ಆದರೂ ಆ ಶನಿವಾರಗಳು ನನಗೆ ಹಿಡಿಸಿಬಿಟ್ಟಿದ್ದವು. ಕಾರಿನಲ್ಲಿ ಪಕ್ಕಪಕ್ಕ ಕೂತಾಗ ಯಾರೂ ಏಳುವ ಹಾಗಿರಲಿಲ್ಲವಲ್ಲ.

ಇದೇ ವೇಳೆಗೆ ಡ್ರೈವಿಂಗ್ ಸ್ಕೂಲು ಶುರುವಾಗಿತ್ತು. ವಾರಕ್ಕೆ ಎರಡು ದಿನ ಮಧ್ಯಾಹ್ನದ ಮೇಲೆ ಕ್ಲಾಸು. ಮಾವನವರು ಅಲ್ಲಿಗೂ ಬಂದರು. ಸ್ವೆಟರು, ತಲೆಗೆ ಮಂಕಿ ಟೋಪಿ, ಕಿಸೆಯಲ್ಲಿ ಶೇಂಗಾ. ಮೈದಾನದ ಗಿಡ್ಡ ಗೋಡೆಯ ಮೇಲೆ ಕೂತು ನೋಡುವರು. ಕಲಿಸುವವನು ದಪ್ಪ ಮೀಸೆಯ ಈಜಿಪ್ಟಿನವನು. "ಶ್ವೈ ಶ್ವೈ" ಎಂದು ಕೂಗುತ್ತಿದ್ದ, ನಿಧಾನ ನಿಧಾನ ಎಂದು. ಸ್ವಲ್ಪ ಹೊತ್ತಿಗೆ ಇದು ತೀರಾ ನಿಧಾನವಾಯಿತೆಂದು "ಯಲ್ಲಾ, ಯಲ್ಲಾ" ಎನ್ನುತ್ತಿದ್ದ, ಬೇಗ ಬೇಗ ಎಂದು. ಮೂರನೆಯ ದಿನ ಕೋನ್‌ಗಳ ನಡುವೆ ತಿರುಗಿಸುವಾಗ ಮುಂದಿನ ಬ್ರೇಕ್ ಜೋರಾಗಿ ಹಿಡಿದು ಬಿದ್ದೆ. ಮೊಣಕೈ ತರಚಿತು. ಎದ್ದು ಗೋಡೆಯ ಕಡೆ ನೋಡಿದರೆ ಮಾವ ನಿಂತಿದ್ದರು, ಕೈಯಲ್ಲಿದ್ದ ಶೇಂಗಾ ನೆಲದ ಮೇಲೆ ಚೆಲ್ಲಿತ್ತು. ನಾನು ಕೈ ಎತ್ತಿದ ಮೇಲೆ ಮತ್ತೆ ಕೂತರು. ಮನೆಯಲ್ಲಿ ಈ ವಿಷಯ ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಜನವರಿ ಮುಗಿಯುವ ಹೊತ್ತಿಗೆ ಕ್ಲಾಸುಗಳು ಮುಗಿದವು. ಈಜಿಪ್ಟಿನವನು ನನ್ನ ಬೆನ್ನು ತಟ್ಟಿ, "ಖಲಾಸ್, ಸಂಡೇ ಟೆಸ್ಟ್" ಎಂದ. ನನಗೆ ಎಂಟಂಕಿಯ ಆಕಾರದಲ್ಲಿ ತಿರುಗಿಸುವುದು ಇನ್ನೂ ಸರಿಯಾಗಿ ಕೂತಿರಲಿಲ್ಲ. ಐದು ಸಲದಲ್ಲಿ ಮೂರು ಸಲ ಕಾಲು ಊರುತ್ತಿದ್ದೆ. ಟೆಸ್ಟಿನಲ್ಲಿ ಅದೃಷ್ಟವಿದ್ದರೆ ಪಾಸಾಗಬಹುದಿತ್ತು. ಏನೆನ್ನಿಸಿತೋ, "ನಾಟ್ ರೆಡಿ. ವನ್ ಮೋರ್ ವೀಕ್" ಅಂದೆ. ಅವನು ಬೇಸರದಿಂದ ಕಾಗದ ಮಡಚಿದ. ಜೊತೆಗೆ ಕಲಿಯುತ್ತಿದ್ದ ಇಬ್ಬರು ನಕ್ಕರು. ನನಗಿಂತ ಹದಿನೈದು ವರ್ಷ ಚಿಕ್ಕವರು. ನಾಚಿಕೆಯಿಂದ ಕಿವಿ ಬೆಚ್ಚಗಾಯಿತು.

ಕಾರು ಹತ್ತಿದ ಮೇಲೆ ಮಾವ ಕೇಳಿದರು. "ಏನಂದ್ರಿ ಅವಗ?"

"ಇನ್ನ ಒಂದ ವಾರ ಬೇಕು ಅಂದೆರಿ. ನನಗ ಇನ್ನ ಬರಾಂಗಿಲ್ಲ."

ಮರುದಿನ ಊಟಕ್ಕೆ ಕೂತಾಗ ಮಾವ ತಾವಾಗಿಯೇ, "ನಾಳೆ ಶನಿವಾರ. ಹೋಗೂಣೇನ್ರಿ?" ಎಂದರು. ಅಷ್ಟು ದಿನ ನಾನೇ ಕೇಳಬೇಕಾಗುತ್ತಿತ್ತು.

ಆ ಶನಿವಾರ ಶುವೈಖಿಗೆ ಹೋಗಲಿಲ್ಲ. ಸಲ್ವಾದಲ್ಲಿ ಒಬ್ಬರು ಕೆಲಸ ಬಿಟ್ಟು ಊರಿಗೆ ಹೊರಟಿದ್ದಾರೆ, ಬೈಕು ಕೊಡುತ್ತಾರಂತೆ ಎಂದು ರಿಫೈನರಿಯ ಗೆಳೆಯ ಹೇಳಿದ್ದ. ಮಂಗಳೂರಿನ ಕಡೆಯ ಕ್ರೈಸ್ತರು, ಆಸ್ಪತ್ರೆಯೊಂದರ ಆಫೀಸಿನಲ್ಲಿದ್ದವರು. ಬೈಕಿನ ಮೇಲೆ ಹೂವಿನ ಬೆಡ್‌ಶೀಟು ಹೊದಿಸಿದ್ದರು. ತೆಗೆದರೆ ಕಪ್ಪು ಬಣ್ಣದ ಇನ್ನೂರೈವತ್ತು ಸಿಸಿ ಗಾಡಿ. ಯಾರೂ ತಿರುಗಿ ನೋಡದಂಥ ಸಾದಾ ಬೈಕು. ನನ್ನ ಮನಸ್ಸು ಸ್ವಲ್ಪ ಕುಗ್ಗಿತು.

"ಇದನ್ನು ನಾನು ಬಿಸಿಲಲ್ಲಿ ನಿಲ್ಲಿಸಿದ್ದೇ ಇಲ್ಲ ಮಾರಾಯ್ರೆ," ಎಂದರು ಅವರು. "ಆದರೆ ಒಮ್ಮೆ ಬಿದ್ದಿದೆ. ಇಲ್ಲಿ ನೋಡಿ ಗೀರು. ನಾನೇ ಬೀಳಿಸಿದ್ದು, ನಿಂತಲ್ಲೇ. ಕಾಲು ಜಾರಿತು."

ಮಾವನವರು ಆ ಗೀರನ್ನು ಬೆರಳಿನಿಂದ ಸವರಿ ಅವರ ಮುಖ ನೋಡಿದರು. ಆಮೇಲೆ ಪಂಚೆ ಮೇಲೆತ್ತಿ ಕಟ್ಟಿ ನೆಲದ ಮೇಲೆ ಕೂತರು. ಸುಮಾರು ಒಂದು ತಾಸು. ಇಂಜಿನ್ ಐಸಿನ ಹಾಗೆ ತಣ್ಣಗಿತ್ತು, ಒಂದೇ ಸಲಕ್ಕೆ ಚಾಲೂ ಆಯಿತು. ಮನೆಯೊಡತಿ ಮೂರು ಸಲ ಚಹಾಕ್ಕೆ ಕರೆದರು. ಕೊನೆಗೆ ಮಾವ ಎದ್ದು, "ಅಳಿಯಂದ್ರ, ಕೂಡ್ರಿ" ಎಂದರು. ಕೂತೆ. ಎರಡೂ ಪಾದ ಹಿಮ್ಮಡಿ ಸಮೇತ ನೆಲಕ್ಕೆ ಕೂತವು. ಬೈಕನ್ನು ಅತ್ತಿತ್ತ ವಾಲಿಸಿದೆ, ತೊಡೆ ನಡುಗಲಿಲ್ಲ.

"ಇದನ್ನ ತಗೋರಿ."

ಲೈಸೆನ್ಸ್ ಇಲ್ಲದ್ದರಿಂದ ಸಲ್ವಾದವರೇ ಅದನ್ನು ನಮ್ಮ ಬಿಲ್ಡಿಂಗಿನವರೆಗೆ ಓಡಿಸಿಕೊಂಡು ಬಂದು, ಕೀಲಿ ನನ್ನ ಕೈಗಿಟ್ಟು, ಟ್ಯಾಂಕಿನ ಮೇಲೆ ಒಮ್ಮೆ ಕೈಯಾಡಿಸಿ ಟ್ಯಾಕ್ಸಿ ಹತ್ತಿದರು. ಹೆಂಡತಿ ಎರಡು ದಿನ ನಮ್ಮಿಬ್ಬರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ತಂದೆಯ ಮೇಲೆ ಹೆಚ್ಚು ಸಿಟ್ಟು. "ನಿನ್ನ ಯಾಕ ಕರ್ಸಿದ್ದೆ, ನೀ ಏನ ಮಾಡ್ದಿ," ಎಂದಳು. ಅವರು ತಲೆ ತಗ್ಗಿಸಿ, "ಗಾಡಿ ಛಲೋ ಐತವಾ" ಎಂದರು.

ಆ ವಾರವೆಲ್ಲ ಅವರು ಬೇಸ್‌ಮೆಂಟಿನ ಪಾರ್ಕಿಂಗಿನಲ್ಲೇ ಇದ್ದರು. ನಾನು ಡ್ಯೂಟಿ ಮುಗಿಸಿ ಬಂದು ಟಾರ್ಚು ಹಿಡಿದು ಪಕ್ಕದಲ್ಲಿ ಕೂಡುತ್ತಿದ್ದೆ. ಒಂದು ಸಂಜೆ ಏರ್ ಫಿಲ್ಟರಿನ ಧೂಳು ಕೊಡವುತ್ತ, ತಲೆ ಎತ್ತದೆ ಅವರು ಹೇಳಿದರು.

"ಅಳಿಯಂದ್ರ, ಒಂದ ತಪ್ಪ ಒಪ್ಗೋಬೇಕು. ನಾವು ನೋಡಿದ ಗಾಡಿ ಒಳಗ ಮೂರು ಛಲೋ ಇದ್ವು. ನಾ ಸುಳ್ಳ ಹೇಳಿದೆ."

"ನನಗ ಗೊತ್ತಿತ್ರಿ ಮಾವಾರ."

ಅವರ ಕೈ ನಿಂತಿತು. "ಗೊತ್ತಿದ್ದೂ ಬಂದ್ರಿ?"

"ನಿಮ್ಮ ಜೋಡಿ ತಿರಗಾಡೂದು ಛಲೋ ಅನಸ್ತಿತ್ತು."

ಅವರು ಮತ್ತೆ ಫಿಲ್ಟರು ಕೊಡವತೊಡಗಿದರು. "ಮಗಳು ಹೇಳಿದ್ಲು, ಬ್ಯಾಡ ಅನಸು ಅಂತ. ನನಗೂ ಅಂಜಿಕಿ ಇತ್ತು. ಆದ್ರ ಅವತ್ತ ನೀವು ಮಾಸ್ತರಗ ನನಗ ಬರಾಂಗಿಲ್ಲ ಅಂದ್ರಲ್ಲ. ಡಿಪೋದಾಗ ಎಷ್ಟ ಡ್ರೈವರ್ ಮಂದೀನ ನೋಡೀನಿ. ಹಂಗ ಅಂದಾವನ್ನ ಒಬ್ಬನ್ನೂ ನೋಡಿಲ್ಲ. ಅವತ್ತ ರಾತ್ರಿ ನನಗ ನಿದ್ದಿ ಛಲೋ ಬಂತು."

ಅವತ್ತು ನಾಚಿಕೆಯಿಂದ ತಲೆ ತಗ್ಗಿಸಿ ಕಾರು ಹತ್ತಿದ್ದೆ. ಪಕ್ಕದಲ್ಲಿದ್ದವರು ಅದನ್ನು ಹೀಗೆ ಕಂಡಿದ್ದಾರೆಂದು ಎಣಿಸಿಯೇ ಇರಲಿಲ್ಲ. ಅವರ ಮುಖ ನೋಡುತ್ತ ಟಾರ್ಚನ್ನು ಬೇರೆಡೆ ತಿರುಗಿಸಿಬಿಟ್ಟಿದ್ದೆ. "ಸರಿಯಾಗಿ ಹಿಡೀರಿ," ಎಂದರು. ಈ ಸಲ ತಿದ್ದಿಕೊಳ್ಳಲಿಲ್ಲ.

ಟೆಸ್ಟ್ ಪಾಸಾಯಿತು. ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ಅವರು ಊರಿಗೆ ಹೊರಡಲು ನಾಲ್ಕು ದಿನ ಉಳಿದಿದ್ದವು. ಮೂರು ದಿನ ಒಬ್ಬನೇ ಒಳರಸ್ತೆಗಳಲ್ಲಿ ಓಡಿಸಿ ಕೈ ಕೂಡಿಸಿಕೊಂಡೆ. ಕೊನೆಯ ದಿನ ಶುಕ್ರವಾರ. ಬೆಳಿಗ್ಗೆ ರಸ್ತೆಗಳು ಖಾಲಿ. ಮಾವನವರು ತಾವೇ ಇನ್ನೊಂದು ಹೆಲ್ಮೆಟ್ ಹಿಡಿದು ಕೆಳಗೆ ಬಂದು ನಿಂತರು. ಆ ದಿನ ಪಂಚೆಯ ಬದಲು ಪ್ಯಾಂಟು ತೊಟ್ಟಿದ್ದರು. ಹೆಂಡತಿ ಬಾಲ್ಕನಿಯಿಂದ ನೋಡುತ್ತಿದ್ದಳು.

ಸಮುದ್ರದ ಕಡೆಯ ರಸ್ತೆ ಹಿಡಿದೆ. ಅವರ ಎರಡೂ ಕೈ ಹಿಂದಿನ ಕಂಬಿ ಹಿಡಿದಿದ್ದವು. ನನ್ನನ್ನು ಮುಟ್ಟಿರಲಿಲ್ಲ. ಮದುವೆಯಲ್ಲಿ ಕಾಲು ತೊಳೆದಾಗ ಬಿಟ್ಟರೆ ಅವರು ನನ್ನನ್ನು ಮುಟ್ಟಿದ ನೆನಪೇ ನನಗಿಲ್ಲ. ಮೊದಲ ರೌಂಡ್‌ಅಬೌಟ್ ಬಂತು. ಗೇರ್ ಇಳಿಸಿ, ಎಡಕ್ಕೆ ನೋಡಿ, ಒಂದು ಕಾರು ದಾಟಿಹೋಗಲು ಬಿಟ್ಟು ಒಳಗೆ ತಿರುಗಿದೆ. ಬೈಕು ವಾಲಿದಾಗ ಅವರ ಬಲಗೈ ನನ್ನ ಹೆಗಲ ಮೇಲೆ ಬಂತು. ತಿರುವು ಮುಗಿಯಿತು, ರಸ್ತೆ ನೇರವಾಯಿತು, ಕೈ ಹಾಗೇ ಇತ್ತು. ಹಳೆಯ ಮೆಕ್ಯಾನಿಕ್ಕಿನ ಭಾರವಾದ ಕೈ. ಸಮುದ್ರ ಕಾಣುವವರೆಗೂ ನಾನು ಹೆಗಲು ಅಲುಗಿಸಲಿಲ್ಲ.

ಮರಳಿ ಬಂದಾಗ ಹೆಂಡತಿ ಗೇಟಿನಲ್ಲಿ ನಿಂತಿದ್ದಳು. "ಹೆಂಗ ಹೊಡೀತಾರಪಾ?" ಎಂದು ತಂದೆಯನ್ನು ಕೇಳಿದಳು.

"ಭಾಳ ನಿಧಾನ ಹೊಡೀತಾರವಾ. ಸೈಕಲ್ ಮ್ಯಾಲ ಹೊಂಟಾವ ಒಬ್ಬ ನಮ್ಮನ್ನ ದಾಟಿ ಹೋದ."

ಅವಳು ನಕ್ಕಳು. ಆ ಮೂರು ತಿಂಗಳಲ್ಲಿ ಬೈಕಿನ ವಿಷಯಕ್ಕೆ ಅವಳು ನಕ್ಕಿದ್ದು ಅದೇ ಮೊದಲು. ಆದರೂ ಹಿಂದೆ ಕೂಡಲು ಅವಳು ಏಪ್ರಿಲ್‌ವರೆಗೆ ತೆಗೆದುಕೊಂಡಳು. ಕೂತ ಮೇಲೆ ಅರ್ಧ ದಾರಿ ಕಣ್ಣು ಮುಚ್ಚಿಕೊಂಡಿದ್ದೆ ಎಂದು ಆಮೇಲೆ ಹೇಳಿದಳು.

ಮಾವನವರು ಊರಿಗೆ ಹೋದ ಮೇಲೆ ಪ್ರತಿ ಶುಕ್ರವಾರ ಫೋನ್ ಬರುತ್ತಿತ್ತು. ಮುಂಚೆ ಆ ಫೋನ್ ಮಗಳಿಗಷ್ಟೇ ಇರುತ್ತಿತ್ತು. ಈಗ ಮಾತು ಮುಗಿಯುವಾಗ, "ಅವರಿಗೆ ಕೊಡು" ಅನ್ನುತ್ತಿದ್ದರು. ನಾನು ಫೋನ್ ಹಿಡಿದು ಸೋಫಾದಲ್ಲಿ ಕೂತೇ ಮಾತಾಡುತ್ತಿದ್ದೆ. ಚೈನಿಗೆ ಎಣ್ಣೆ ಬಿಟ್ಟಿರೋ ಇಲ್ಲವೋ ಎಂಬಲ್ಲಿಂದ ಶುರುವಾದ ಮಾತು, ಅವರ ಮೊಣಕಾಲು ನೋವು, ಕಿರಿಯ ಮಗಳ ಕೂಸಿನ ಹಲ್ಲು, ಡಿಪೋದ ಹಳೆಯ ಗೆಳೆಯರು ಎಂದು ಎಲ್ಲೆಲ್ಲಿಗೋ ಹೋಗುತ್ತಿತ್ತು.